ಕೆಂಪು ಗುಲಾಬಿ ಗಿಡದಲ್ಲಿ ಪನ್ನೀರು ಹೂ: ಮನೆಯಲ್ಲಿ ಗುಲಾಬಿ ಬೆಳೆಸುವವರಿಗೆ

ನಮ್ಮ ಮನೆ ಗೇಟಿನ ಪಕ್ಕದ ಕುಂಡದಲ್ಲಿ ಒಂದು ಗುಲಾಬಿ ಗಿಡ ಇತ್ತು. ಮೂರು ವರ್ಷ ಬರೀ ಕಡುಗೆಂಪು ಹೂ ಕೊಟ್ಟಿತು. ನಾಲ್ಕನೇ ವರ್ಷ ಒಂದು ಬೆಳಿಗ್ಗೆ ನೀರು ಹಾಕಲು ಹೋದರೆ ಅದೇ ಗಿಡದಲ್ಲಿ ತಿಳಿಗುಲಾಬಿ ಬಣ್ಣದ ಹೂ ಅರಳಿತ್ತು. ತೆಳ್ಳನೆಯ ಎಸಳು, ಒತ್ತೊತ್ತಾಗಿ ಮಡಿಸಿಟ್ಟ ಹಾಗೆ. ಮೂಸಿದರೆ ಮದುವೆ ಮನೆ ಬಾಗಿಲಲ್ಲಿ ಪನ್ನೀರು ಎರಚುತ್ತಾರಲ್ಲ, ಅದೇ ಘಮ. ಪಕ್ಕದ ಮನೆಯವರು ಬಂದು ನೋಡಿ, "ಗಿಡಕ್ಕೆ ಏನು ಹಾಕಿದಿರಿ?" ಎಂದು ಕೇಳಿದರು. ನಾನು ಏನೂ ಹಾಕಿರಲಿಲ್ಲ.

ಬಗ್ಗಿ ಬುಡ ನೋಡಿದಾಗ ವಿಷಯ ತಿಳಿಯಿತು. ಅಲ್ಲಿ ಹೆಬ್ಬೆರಳು ಗಾತ್ರದ ಒಂದು ಗಂಟು. ಗಂಟಿನ ಮೇಲಿದ್ದ ಕೆಂಪು ಹೂವಿನ ಕೊಂಬೆಗಳು ಒಣಗಿ ಕಂದಾಗಿದ್ದವು. ತಿಳಿಗುಲಾಬಿ ಹೂವಿನ ಕೊಂಬೆ ಹೊರಟಿದ್ದು ಗಂಟಿನ ಕೆಳಗಿಂದ. ಗಿಡ ಬಣ್ಣ ಬದಲಿಸಿರಲಿಲ್ಲ. ಮೇಲಿನ ಗಿಡ ಸೋತು ಕೆಳಗಿನ ಗಿಡ ಎದ್ದಿತ್ತು.

ನರ್ಸರಿಯಿಂದ ತರುವ ದೊಡ್ಡ ಹೂವಿನ ಗುಲಾಬಿ ಸಾಮಾನ್ಯವಾಗಿ ಒಂದು ಗಿಡ ಅಲ್ಲ, ಎರಡು. ಬೇರು ಒಂದು ಗಟ್ಟಿ ಜಾತಿಯದು, ಹೂ ಇನ್ನೊಂದು ನಾಜೂಕು ಜಾತಿಯದು. ಎರಡನ್ನೂ ಕಸಿ ಕಟ್ಟಿ ಕೂಡಿಸಿರುತ್ತಾರೆ. ಇದೊಂದು ಗೊತ್ತಿದ್ದರೆ ಗುಲಾಬಿಯ ಅರ್ಧ ಸಮಸ್ಯೆ ಅರ್ಥವಾಗುತ್ತದೆ. ಉಳಿದರ್ಧಕ್ಕೆ ದಿನಾ ಐದು ನಿಮಿಷ ಗಿಡದ ಹತ್ತಿರ ನಿಂತು ನೋಡಬೇಕು, ಅಷ್ಟೆ. ಗುಲಾಬಿ ಕಷ್ಟದ ಗಿಡ ಅಂತ ಸುಮ್ನೆ ಹೆದರುವವರಿಗಾಗಿ ನಾನು ಕಲಿತದ್ದನ್ನೆಲ್ಲ ಇಲ್ಲಿ ಕ್ರಮವಾಗಿ ಹೇಳುತ್ತೇನೆ.

ಮೊದಲು ಕಸಿಗಂಟು ಹುಡುಕಿ

ನರ್ಸರಿಯಲ್ಲಿ ಎಲ್ಲರೂ ಮೊದಲು ಹೂ ನೋಡುತ್ತಾರೆ. ನೀವು ಬುಡ ನೋಡಿ. ಮಣ್ಣಿನಿಂದ ಸ್ವಲ್ಪ ಮೇಲೆ ಕಾಂಡ ಉಬ್ಬಿರುತ್ತದೆ, ಕೆಲವೊಮ್ಮೆ ಪ್ಲಾಸ್ಟಿಕ್ ಪಟ್ಟಿ ಇನ್ನೂ ಸುತ್ತಿಕೊಂಡೇ ಇರುತ್ತದೆ. ಅದೇ ಕಸಿಗಂಟು. ಪಟ್ಟಿ ಇದ್ದರೆ ಮನೆಗೆ ತಂದು ನಿಧಾನವಾಗಿ ಬಿಡಿಸಿ, ಇಲ್ಲದಿದ್ದರೆ ಕಾಂಡ ದಪ್ಪವಾದಂತೆ ಅದು ಬಿಗಿದು ಕೊರೆಯುತ್ತದೆ.

ಗಂಟಿನ ಮೇಲೆ ಪೆನ್ಸಿಲ್ ದಪ್ಪದ ಕೊಂಬೆ ಎರಡಾದರೂ ಇರಬೇಕು. ಒಂದೇ ಸಣಕಲು ಕೊಂಬೆಯ ತುದಿಯಲ್ಲಿ ದೊಡ್ಡ ಹೂ ಇದ್ದರೆ ಆ ಗಿಡ ಬೇಡ. ಐದು ಹೂ ಬಿಟ್ಟ ಗಿಡಕ್ಕಿಂತ ಹೂವೇ ಇಲ್ಲದೆ ನಾಲ್ಕು ಕೆಂಪು ಚಿಗುರು ಇರುವ ಗಿಡ ಒಳ್ಳೆಯದು. ಚಿಗುರು ಇದೆ ಅಂದರೆ ಬೇರು ಕೆಲಸ ಮಾಡುತ್ತಿದೆ ಅಂತ ಅರ್ಥ.

ಬೆಂಗಳೂರು ಸುತ್ತಮುತ್ತ ಬೇರಿಗೆ ಮುಳ್ಳಿಲ್ಲದ ಮಲ್ಟಿಫ್ಲೋರಾ ಜಾತಿ ಬಳಸುವುದು ರೂಢಿ. ಬೇರೆ ಕಡೆಯಿಂದ ಬಂದ ಗಿಡಗಳಲ್ಲಿ ಎಡ್ವರ್ಡ್ ಗುಲಾಬಿ, ಅಂದರೆ ನಮ್ಮ ಪನ್ನೀರು ಗುಲಾಬಿಯ ಬೇರು ಇರುವುದೂ ಉಂಟು. ನನ್ನ ಕುಂಡದಲ್ಲಿ ಆದದ್ದು ಅದೇ. ಮಲ್ಟಿಫ್ಲೋರಾ ಬೇರು ಚಿಗುರಿದರೆ ಹೆಚ್ಚಾಗಿ ಹೂವೇ ಇರುವುದಿಲ್ಲ. ನುಣುಪಾದ ಉದ್ದ ಕೊಂಬೆಗಳು ಸರಸರನೆ ಮೇಲೇಳುತ್ತವೆ. "ಗಿಡ ಎಷ್ಟು ಹುಲುಸಾಗಿದೆ, ಹೂ ಮಾತ್ರ ಇಲ್ಲ" ಎಂದು ಯಾರಾದರೂ ಹೇಳಿದರೆ ನಾನು ಮೊದಲು ಬುಡ ನೋಡಿ ಎನ್ನುತ್ತೇನೆ.

ಒಂದು ಎಲೆತೊಟ್ಟಿನಲ್ಲಿ ಏಳು ಎಲೆ ಇದ್ದರೆ ಕಾಡು ಚಿಗುರು (ಬೇರಿನ ಗಿಡದಿಂದ ಎದ್ದದ್ದು), ಐದಿದ್ದರೆ ಒಳ್ಳೆಯದು ಎಂಬ ಮಾತು ಎಲ್ಲೆಡೆ ಓಡಾಡುತ್ತಿದೆ. ಅದನ್ನು ನಂಬಿ ಕತ್ತರಿ ಹಿಡಿಯಬೇಡಿ. ಎಷ್ಟೋ ಒಳ್ಳೆಯ ತಳಿಗಳೂ ಏಳೆಲೆ ಬಿಡುತ್ತವೆ. ಚಿಗುರು ಎಲ್ಲಿಂದ ಹೊರಟಿದೆ ಎಂಬುದೊಂದೇ ಗುರುತು. ಗಂಟಿನ ಕೆಳಗಿಂದ ಬಂದಿದ್ದರೆ ಮಣ್ಣು ಸರಿಸಿ, ಹುಟ್ಟಿದ ಜಾಗದಿಂದಲೇ ಕೆಳಮುಖವಾಗಿ ಎಳೆದು ಕಿತ್ತುಬಿಡಿ. ಕತ್ತರಿಸಿದರೆ ಬುಡದಲ್ಲಿ ಉಳಿದ ಕಣ್ಣುಗಳಿಂದ, ಅಂದರೆ ಚಿಗುರೊಡೆಯುವ ಉಬ್ಬುಗಳಿಂದ, ಮತ್ತೆ ನಾಲ್ಕು ಬರುತ್ತವೆ.

ಯಾವ ಗುಲಾಬಿ ತರಬೇಕು

ಮೊದಲ ಸಲ ಬೆಳೆಸುವವರಿಗೆ ನನ್ನ ಸಲಹೆ ಪನ್ನೀರು ಗುಲಾಬಿ ಅಥವಾ ಬಟನ್ ಗುಲಾಬಿ. ಎರಡೂ ಕಡ್ಡಿ ನೆಟ್ಟರೆ ಬರುತ್ತವೆ, ಕಸಿಯ ತಲೆನೋವಿಲ್ಲ. ದೇವರಿಗೂ ಆಯಿತು, ಮುಡಿಗೂ ಆಯಿತು. ಗುಲ್ಕನ್ ಮಾಡುವವರಿಗೆ ಪನ್ನೀರು ಗುಲಾಬಿಯೇ ಬೇಕು. ಗುಲಾಬಿ ಎಂಬ ಮಾತು ಬಂದದ್ದು ಪಾರಸಿಯ ಗುಲಾಬ್‌ನಿಂದ, ಗುಲ್ ಎಂದರೆ ಹೂ, ಆಬ್ ಎಂದರೆ ನೀರು. ಅಂದರೆ ಹೂವಿಗೆ ನಾವು ಪನ್ನೀರಿನ ಹೆಸರನ್ನೇ ಇಟ್ಟಿದ್ದೇವೆ.

ಒಂದೊಂದು ಕೊಂಬೆಗೆ ಒಂದೊಂದು ದೊಡ್ಡ ಹೂ ಬೇಕೆಂದರೆ ಹೈಬ್ರಿಡ್ ಟೀ. ಗ್ಲಾಡಿಯೇಟರ್, ಪೀಸ್, ಡಬಲ್ ಡಿಲೈಟ್ ನಮ್ಮ ಕಡೆ ಸಿಗುತ್ತವೆ. ಗೊಂಚಲು ಬೇಕೆಂದರೆ ಫ್ಲೋರಿಬಂಡಾ. ಅದರಲ್ಲಿ ಬಿಳಿ ಹೂವಿನ ಐಸ್‌ಬರ್ಗ್ ನನಗೆ ಬಹಳ ಇಷ್ಟ. ವರ್ಷವಿಡೀ ಏನಾದರೊಂದು ಹೂ ಇದ್ದೇ ಇರುತ್ತದೆ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯೂ ಅರ್ಕಾ ಹೆಸರಿನಲ್ಲಿ ಗುಲಾಬಿ ತಳಿಗಳನ್ನು ಕೊಟ್ಟಿದೆ. ಅರ್ಕಾ ಪರಿಮಳ ಅಂಥದ್ದೊಂದು.

ಬೊಕೆಯಲ್ಲಿ ಬರುವ ಡಚ್ ಗುಲಾಬಿಯ ಕಡ್ಡಿ ನೆಡಬಹುದಾ ಎಂದು ಕೇಳುವವರು ಬಹಳ. ಹೊಸೂರು, ದೊಡ್ಡಬಳ್ಳಾಪುರದ ಪಾಲಿಹೌಸ್‌ಗಳಲ್ಲಿ ಬೆಳೆಯುವ ಆ ತಳಿಗಳು ಹೂದಾನಿಯಲ್ಲಿ ಜಾಸ್ತಿ ದಿನ ಉಳಿಯಲೆಂದು ಮಾಡಿದವು. ಕಡ್ಡಿ ಬೇರು ಬಿಟ್ಟರೂ ಅಂಗಳದ ಗಾಳಿ, ಮಳೆಯಲ್ಲಿ ಗಿಡ ಸೊರಗುತ್ತದೆ. ಆ ಶ್ರಮವನ್ನು ಪನ್ನೀರು ಗುಲಾಬಿಗೆ ಹಾಕಿದರೆ ಆರು ತಿಂಗಳಲ್ಲಿ ಹೂ ಕೊಯ್ಯುತ್ತೀರಿ.

ಮನೆಗೆ ತಂದ ಗಿಡ ತಿಂಗಳಲ್ಲಿ ಸಾಯುವುದೇಕೆ

ಎಲ್ಲರಿಗೂ ಆಗುವ ನೋವು ಇದು. ನರ್ಸರಿಯಲ್ಲಿ ನಗುತ್ತಿದ್ದ ಗಿಡ ಮನೆಗೆ ಬಂದು ನಾಲ್ಕು ವಾರಕ್ಕೆ ಒಣಗುತ್ತದೆ. ಕಾರಣ ಹೆಚ್ಚಾಗಿ ಬೇರಿನ ಸುತ್ತ ಇರುವ ಮಣ್ಣಿನ ಉಂಡೆ. ನಮ್ಮ ನರ್ಸರಿಗಳಿಗೆ ಎಷ್ಟೋ ಗಿಡ ಬರುವುದು ಆಂಧ್ರದ ಗೋದಾವರಿ ತೀರದ ಕಡಿಯಂ ಕಡೆಯಿಂದ. ಲಾರಿಯಲ್ಲಿ ಬರುವಾಗ ಬೇರು ಅಲುಗಬಾರದೆಂದು ಅಂಟು ಜೇಡಿಮಣ್ಣು ಮೆತ್ತಿರುತ್ತಾರೆ. ಅದನ್ನು ಹಾಗೇ ನಮ್ಮ ಹಗುರ ಮಣ್ಣಿನಲ್ಲಿ ಇಟ್ಟರೆ ಸುತ್ತಲಿನ ಮಣ್ಣು ಒಣಗುತ್ತದೆ, ಉಂಡೆ ಒಳಗೆ ಕೆಸರಾಗಿಯೇ ಇರುತ್ತದೆ. ಅಥವಾ ಉಂಡೆ ಒಮ್ಮೆ ಒಣಗಿ ಕಲ್ಲಾದರೆ ನೀರು ಒಳಗೆ ಇಳಿಯುವುದೇ ಇಲ್ಲ. ಎರಡರಲ್ಲೂ ಬೇರಿಗೆ ಉಸಿರಿಲ್ಲ.

ಹಾಗಾಗಿ ಗಿಡ ತಂದ ದಿನವೇ ನೆಡಬೇಡಿ. ಒಂದು ವಾರ ಬೆಳಗಿನ ಎಳೆಬಿಸಿಲು ಮಾತ್ರ ಬೀಳುವ ಕಡೆ ಇಡಿ. ಇರುವ ಹೂ, ಮೊಗ್ಗು ಎಲ್ಲವನ್ನೂ ತೆಗೆದುಬಿಡಿ. ಮನಸ್ಸು ಬರುವುದಿಲ್ಲ, ಗೊತ್ತು. ಆದರೆ ಹೊಸ ಜಾಗದಲ್ಲಿ ಗಿಡದ ಶಕ್ತಿ ಬೇರಿಗೆ ಹೋಗಬೇಕು. ನೆಡುವ ದಿನ ಕವರ್ ಬಿಡಿಸಿ, ಉಂಡೆಯನ್ನು ಅರ್ಧ ಗಂಟೆ ಬಕೆಟ್ ನೀರಿನಲ್ಲಿ ನೆನೆಸಿ. ಹೊರಗಿನ ಅಂಟು ಮಣ್ಣು ಮೆತ್ತಗಾದ ಮೇಲೆ ಬೆರಳಿನಿಂದ ಮೆಲ್ಲಗೆ ಸವರಿ ತೆಗೆಯಿರಿ. ಬಿಳಿ ಸಣ್ಣ ಬೇರು ಕಂಡ ಕೂಡಲೇ ನಿಲ್ಲಿಸಿ. ಪೂರ್ತಿ ತೊಳೆಯಬೇಕಾಗಿಲ್ಲ, ಎಳೆಯಲೂಬಾರದು.

ಮಣ್ಣು, ಕುಂಡ, ನೆಡುವುದು

ಕುಂಡ ಕಡಿಮೆಯೆಂದರೆ 12 ಇಂಚು ಅಗಲ, ಅಷ್ಟೇ ಆಳ ಇರಲಿ. ದೊಡ್ಡ ಹೂವಿನ ಜಾತಿಗೆ 14 ಇಂಚು. ಎರಡು ಭಾಗ ಕೆಮ್ಮಣ್ಣು, ಒಂದು ಭಾಗ ಹಳೆಯ ಕೊಟ್ಟಿಗೆ ಗೊಬ್ಬರ ಅಥವಾ ಎರೆಗೊಬ್ಬರ, ಒಂದು ಭಾಗ ಕೋಕೋಪೀಟ್ (ತೆಂಗಿನ ನಾರಿನ ಪುಡಿ) ಅಥವಾ ದಪ್ಪ ಮರಳು. ಇದಕ್ಕೆ ಎರಡು ಹಿಡಿ ಬೇವಿನ ಹಿಂಡಿ, ಒಂದು ಹಿಡಿ ಮೂಳೆ ಪುಡಿ. ಮುಷ್ಟಿಯಲ್ಲಿ ಹಿಡಿದರೆ ಉಂಡೆಯಾಗಬೇಕು, ಬೆರಳಿನಿಂದ ತಟ್ಟಿದರೆ ಉದುರಬೇಕು. ಮಣ್ಣಿನ ಹದಕ್ಕೆ ಬೇರೆ ಪರೀಕ್ಷೆ ಬೇಡ.

ಹಸಿ ಸಗಣಿ, ಅರ್ಧ ಕೊಳೆತ ಗೊಬ್ಬರ ಹಾಕಲೇಬೇಡಿ. ಒಂದು ವರ್ಷ ನಾನು ಆತುರಪಟ್ಟು ಪೂರ್ತಿ ಕಳಿಯದ ಗೊಬ್ಬರ ಹಾಕಿದೆ. ಎರಡು ತಿಂಗಳಿಗೆ ಗಿಡ ಬಾಡಿತು. ನೀರು ಕಡಿಮೆಯಾಯಿತೆಂದು ಇನ್ನಷ್ಟು ಹಾಕಿದೆ. ಕೊನೆಗೆ ಕುಂಡ ಬೋರಲು ಹಾಕಿದರೆ ಬೇರೇ ಇಲ್ಲ. ಬಿಳಿ ದಪ್ಪನೆಯ ಗೊಣ್ಣೆಹುಳುಗಳು, ಇಂಗ್ಲಿಷಿನ ಸಿ ಅಕ್ಷರದ ಹಾಗೆ ಮುದುಡಿಕೊಂಡು ಮಲಗಿದ್ದವು. ಅವತ್ತಿನಿಂದ ಗೊಬ್ಬರವನ್ನು ಹಾಳೆಯ ಮೇಲೆ ಹರಡಿ, ಎರಡು ದಿನ ಬಿಸಿಲಿಗೆ ಹಾಕಿ, ಹುಳು ಆರಿಸಿ ಆಮೇಲೆ ಬಳಸುತ್ತೇನೆ.

ನೆಡುವಾಗ ಕಸಿಗಂಟು ಮಣ್ಣಿನಿಂದ ಎರಡು ಇಂಚು ಮೇಲಿರಲಿ. ಯೂಟ್ಯೂಬಿನಲ್ಲಿ ಇಂಗ್ಲೆಂಡ್, ಅಮೆರಿಕದ ತೋಟಗಾರರು ಗಂಟನ್ನು ಮಣ್ಣಿನಲ್ಲಿ ಹೂಳುವುದನ್ನು ನೀವು ನೋಡಿರಬಹುದು. ಅದು ಹಿಮ ಬೀಳುವ ಊರಿನವರು ಗಂಟನ್ನು ಕಾಪಾಡಲು ಮಾಡುವ ಉಪಾಯ. ನಮ್ಮಲ್ಲಿ ಹೂತರೆ ಗಂಟು ಕೊಳೆಯುತ್ತದೆ. ನೆಟ್ಟ ಮೇಲೆ ಬುಡ ಒತ್ತಿ, ತಳದ ತೂತಿನಿಂದ ನೀರು ಹೊರಬರುವ ತನಕ ನೀರು ಕೊಡಿ. ತಾರಸಿ ಮೇಲೆ ಇಡುವವರು ಕುಂಡದ ಕೆಳಗೆ ಎರಡು ಇಟ್ಟಿಗೆ ಇಡಿ. ಏಪ್ರಿಲ್ ಬಿಸಿಲಿಗೆ ಕಾಂಕ್ರೀಟು ಕಾದರೆ ಬೇರು ಬೇಯುತ್ತದೆ.

ಬಿಸಿಲು, ನೀರು

ದಿನಕ್ಕೆ ಐದಾರು ಗಂಟೆ ನೇರ ಬಿಸಿಲು ಇಲ್ಲದ ಕಡೆ ಗುಲಾಬಿ ಹೂ ಕೊಡುವುದಿಲ್ಲ. ಬೆಳಗಿನ ಬಿಸಿಲು ಸಿಕ್ಕರೆ ಅತಿ ಒಳ್ಳೆಯದು. ರಾತ್ರಿಯ ಇಬ್ಬನಿ ಬೇಗ ಆರುತ್ತದೆ. ಕಲಬುರಗಿ, ರಾಯಚೂರಿನಂಥ ಊರುಗಳಲ್ಲಿ ಏಪ್ರಿಲ್, ಮೇ ತಿಂಗಳು ಮಧ್ಯಾಹ್ನ ನೆರಳು ಪರದೆ ಬೇಕು. ಮಂಗಳೂರು, ಉಡುಪಿಯವರು ಮಳೆಗಾಲದಲ್ಲಿ ಕುಂಡವನ್ನು ಸೂರಿನ ಕೆಳಗೆ ಎಳೆದುಕೊಳ್ಳಿ.

ನೀರು ಎಷ್ಟು ದಿನಕ್ಕೊಮ್ಮೆ ಎಂದು ಕೇಳಿದರೆ ಒಂದೇ ಉತ್ತರ ಇಲ್ಲ. ಬೆರಳನ್ನು ಎರಡು ಗೆಣ್ಣು ಆಳ ಮಣ್ಣಿನೊಳಗೆ ಇಳಿಸಿ. ಒಣಗಿದ್ದರೆ ಹಾಕಿ, ತೇವ ಇದ್ದರೆ ನಾಳೆ ನೋಡಿ. ಹಾಕುವಾಗ ಬುಡಕ್ಕೆ, ಬೆಳಿಗ್ಗೆ ಹೊತ್ತು.

ಬೋರ್‌ವೆಲ್ ನೀರಿನವರಿಗೆ ಒಂದು ಮಾತು. ಹೊಸ ಎಲೆ ಹಳದಿಯಾಗಿ, ನರಗಳು ಮಾತ್ರ ಹಸಿರು ಬಲೆಯ ಹಾಗೆ ಉಳಿದಿದ್ದರೆ ಅದು ರೋಗ ಅಲ್ಲ. ಗಡಸು ನೀರಿನಿಂದ ಮಣ್ಣಿನ ಕ್ಷಾರ ಏರಿ, ಮಣ್ಣಿನಲ್ಲಿ ಕಬ್ಬಿಣ ಇದ್ದರೂ ಬೇರಿಗೆ ಅದು ಸಿಗುತ್ತಿಲ್ಲ. ಗುಲಾಬಿಗೆ ಸ್ವಲ್ಪ ಹುಳಿ ಮಣ್ಣೇ ಹಿತ, ಪಿಎಚ್ 6ರಿಂದ 6.5. ಮಳೆ ನೀರು ಹಿಡಿದಿಟ್ಟು ಆಗಾಗ ಧಾರಾಳವಾಗಿ ಕೊಡಿ. ತುರ್ತಿಗೆ ಗಿಡ ಸುಲಭವಾಗಿ ಹೀರುವಂಥ ಚಿಲೇಟೆಡ್ ಕಬ್ಬಿಣವನ್ನು ಲೀಟರಿಗೆ ಅರ್ಧ ಗ್ರಾಂ ಬೆರೆಸಿ ಎಲೆಗೆ ಸಿಂಪಡಿಸಿ. ಇಂಥ ಮನೆಗಳಲ್ಲಿ ಮೊಟ್ಟೆ ಚಿಪ್ಪಿನ ಪುಡಿ ಬೇಡ, ಅದು ಸುಣ್ಣವೇ ಅಲ್ವಾ.

ಗೊಬ್ಬರ

ಗುಲಾಬಿ ಹೊಟ್ಟೆಬಾಕ. ಆದರೆ ಒಂದೇ ಸಲ ಜಾಸ್ತಿ ಬಡಿಸಿದರೆ ಅಜೀರ್ಣ. ನಾನು ಹದಿನೈದು ದಿನಕ್ಕೊಮ್ಮೆ ಕಡಲೆಕಾಯಿ ಹಿಂಡಿ ನೀರು ಕೊಡುತ್ತೇನೆ. ನೂರು ಗ್ರಾಂ ಹಿಂಡಿ ಒಂದು ಲೀಟರ್ ನೀರಿನಲ್ಲಿ ಮೂರು ದಿನ ನೆನೆಯಬೇಕು. ವಾಸನೆ ಬರುತ್ತದೆ, ಮುಚ್ಚಿಡಿ. ಸೋಸಿ, ಹತ್ತು ಪಟ್ಟು ನೀರು ಬೆರೆಸಿ, ಒದ್ದೆ ಮಣ್ಣಿಗೆ ಕುಂಡಕ್ಕೆ ಅರ್ಧ ಲೀಟರ್. ತಿಂಗಳಿಗೊಮ್ಮೆ ಎರಡು ಹಿಡಿ ಎರೆಗೊಬ್ಬರ, ಒಂದು ಹಿಡಿ ಬೇವಿನ ಹಿಂಡಿ ಮೇಲ್ಮಣ್ಣಿಗೆ ಕೆದಕಿ ಸೇರಿಸಿ.

ಕುಡಿದು ಉಳಿದ ಚಹಾ ಸೊಪ್ಪನ್ನು ನೇರ ಕುಂಡಕ್ಕೆ ಸುರಿಯಬೇಡಿ. ಹಾಲು, ಸಕ್ಕರೆಗೆ ಇರುವೆ ಬರುತ್ತದೆ. ಇರುವೆಯ ಹಿಂದೆ ಸಸ್ಯಹೇನು ಹೆಚ್ಚುತ್ತದೆ, ಏಕೆಂದರೆ ಹೇನಿನ ಸಿಹಿ ಅಂಟಿಗಾಗಿ ಇರುವೆಗಳೇ ಅವನ್ನು ಕಾಯುತ್ತವೆ. ತೊಳೆದು ಕಾಂಪೋಸ್ಟಿಗೆ ಹಾಕಿ. ಬಾಳೆ ಸಿಪ್ಪೆಯೂ ಕಾಂಪೋಸ್ಟಿಗೇ.

ಕತ್ತರಿ ಹಿಡಿಯುವ ಧೈರ್ಯ

ಇಲ್ಲಿ ಎಲ್ಲರ ಕೈ ನಡುಗುತ್ತದೆ. ನನ್ನದೂ ನಡುಗಿತ್ತು. ಆದರೆ ಗುಲಾಬಿ ಹೂ ಬಿಡುವುದು ಹೊಸ ಚಿಗುರಿನ ತುದಿಯಲ್ಲಿ. ಕತ್ತರಿಸದಿದ್ದರೆ ಹೊಸ ಚಿಗುರು ಇಲ್ಲ, ಇದ್ದರೂ ಕಡ್ಡಿಯ ಹಾಗೆ ಸಣ್ಣದು.

ಬೆಂಗಳೂರು, ಮೈಸೂರಿನ ಹವೆಗೆ ದೊಡ್ಡ ಪ್ರೂನಿಂಗ್ ಅಕ್ಟೋಬರಿನಲ್ಲಿ, ಮಳೆ ಹಿಂದೆ ಸರಿದ ಮೇಲೆ. ಒಣಗಿದ ಕೊಂಬೆ ಮೊದಲು ಹೋಗಲಿ. ಆಮೇಲೆ ಒಂದಕ್ಕೊಂದು ಉಜ್ಜುವ ಕೊಂಬೆ, ಒಳಮುಖ ಬೆಳೆದದ್ದು, ಪೆನ್ಸಿಲ್‌ಗಿಂತ ಸಣ್ಣದು. ಕೊನೆಗೆ ನಾಲ್ಕೈದು ಗಟ್ಟಿ ಕೊಂಬೆ ಉಳಿದಿರಬೇಕು, ಬಟ್ಟಲಿನ ಆಕಾರದಲ್ಲಿ, ನಡುವೆ ಗಾಳಿ ಆಡುವಂತೆ. ಅವನ್ನು ಒಂದೂವರೆ ಅಡಿ ಎತ್ತರಕ್ಕೆ ಕತ್ತರಿಸಿ. ಫ್ಲೋರಿಬಂಡಾ, ಬಟನ್ ಜಾತಿಗೆ ಮೂರನೇ ಒಂದು ಭಾಗ ತೆಗೆದರೆ ಸಾಕು.

ಎಲ್ಲಿ ಕತ್ತರಿಸಬೇಕು? ಕೊಂಬೆಯ ಮೇಲೆ ಬೆರಳಾಡಿಸಿ. ಎಲೆ ಇದ್ದ ಜಾಗದಲ್ಲಿ ಸಾಸಿವೆ ಕಾಳಿನಷ್ಟು ಕೆಂಪು ಉಬ್ಬು ಸಿಗುತ್ತದೆ. ಅದು ಕಣ್ಣು. ಹೊರಗೆ ಮುಖ ಮಾಡಿದ ಕಣ್ಣನ್ನು ಆರಿಸಿ, ಅದರಿಂದ ಕಾಲು ಇಂಚು ಮೇಲೆ ಓರೆಯಾಗಿ ಕತ್ತರಿಸಿ. ಓರೆಯ ಇಳಿಜಾರು ಕಣ್ಣಿನ ಆಚೆ ಬದಿಗೆ ಇರಲಿ, ನೀರು ಕಣ್ಣಿನ ಮೇಲೆ ಹರಿಯಬಾರದು. ಕತ್ತರಿಸಿದ ಜಾಗ ನೋಡಿ. ಒಳಗಿನ ತಿರುಳು ಬೆಳ್ಳಗಿದ್ದರೆ ಸರಿ. ಕಂದಾಗಿದ್ದರೆ ಇನ್ನೊಂದು ಕಣ್ಣಿನಷ್ಟು ಕೆಳಗೆ ಹೋಗಿ, ಬಿಳಿ ಸಿಗುವ ತನಕ. ಗಾಯಕ್ಕೆ ಕಾಪರ್ ಆಕ್ಸಿಕ್ಲೋರೈಡ್ ಎಂಬ ಶಿಲೀಂಧ್ರನಾಶಕ ಪುಡಿಯನ್ನು ನೀರಿನಲ್ಲಿ ಗಂಧದ ಹದಕ್ಕೆ ಕಲಸಿ ಹಚ್ಚಿ. ಕತ್ತರಿಯನ್ನು ಒಂದು ಗಿಡದಿಂದ ಇನ್ನೊಂದಕ್ಕೆ ಹೋಗುವಾಗ ಸ್ಪಿರಿಟ್‌ನಲ್ಲಿ ಒರೆಸಿ.

ವರ್ಷವಿಡೀ ಮಾಡುವ ಸಣ್ಣ ಕತ್ತರಿ ಕೆಲಸ ಬೇರೆ. ಬಾಡಿದ ಹೂವಿನ ತಲೆಯನ್ನಷ್ಟೇ ಚಿವುಟಬೇಡಿ. ಕೆಳಗೆ ಬನ್ನಿ, ಐದೆಲೆ ಇರುವ ಮೊದಲ ಅಥವಾ ಎರಡನೇ ಎಲೆತೊಟ್ಟಿನ ಸ್ವಲ್ಪ ಮೇಲೆ ಕೊಂಬೆ ಕತ್ತರಿಸಿ. ಮುಂದಿನ ಹೂ ಅಲ್ಲಿಂದಲೇ ಬರುತ್ತದೆ. ಹಾಗೇ ಬಿಟ್ಟರೆ ಕೆಲವು ತಳಿಯಲ್ಲಿ ಹೂವಿನ ಬುಡ ಊದಿ ಕಿತ್ತಳೆ ಬಣ್ಣದ ಪುಟ್ಟ ಕಾಯಿ ಕಟ್ಟುತ್ತದೆ. ಗುಲಾಬಿಗೂ ಕಾಯಿ ಬಿಡುತ್ತದೆ ಎಂಬುದು ಎಷ್ಟೋ ಜನಕ್ಕೆ ಆಶ್ಚರ್ಯ. ಸೇಬಿನ ಕುಟುಂಬಕ್ಕೇ ಸೇರಿದ ಗಿಡ ಇದು. ಆದರೆ ಕಾಯಿ ಕಟ್ಟಿದ ಗಿಡ ಬೀಜದ ಕಡೆ ಗಮನ ಕೊಡುತ್ತದೆ, ಹೂ ಕಡಿಮೆಯಾಗುತ್ತದೆ.

ಹಬ್ಬಕ್ಕೆ ಸರಿಯಾಗಿ ಹೂ ಬರಬೇಕಾ?

ಪ್ರೂನಿಂಗ್ ಮಾಡಿದ ಸುಮಾರು 45 ದಿನಕ್ಕೆ ಹೈಬ್ರಿಡ್ ಟೀ ಹೂ ಅರಳುತ್ತದೆ. ಚಳಿ ಇದ್ದರೆ ನಾಲ್ಕೈದು ದಿನ ಹೆಚ್ಚು, ಸೆಕೆ ಇದ್ದರೆ ಅಷ್ಟು ಕಡಿಮೆ. ಈ ಲೆಕ್ಕ ನನಗೆ ಗೊತ್ತಾದ ವರ್ಷ ವರಮಹಾಲಕ್ಷ್ಮಿ ಹಬ್ಬಕ್ಕೆ ಕಲಶದ ಮುಂದೆ ನಮ್ಮದೇ ಹನ್ನೊಂದು ಹೂ ಇಟ್ಟೆವು. ಹಬ್ಬದ ಹಿಂದಿನ ದಿನ ಮಾರುಕಟ್ಟೆಯಲ್ಲಿ ಹೂವಿನ ಬೆಲೆ ಹೇಗಿರುತ್ತದೆ ಎಂದು ಗೊತ್ತಿರುವವರಿಗೆ ಆ ಸಂತೋಷ ಅರ್ಥವಾಗುತ್ತದೆ.

ಕ್ಯಾಲೆಂಡರ್ ತೆಗೆದು ಹಬ್ಬದಿಂದ ಹಿಂದಕ್ಕೆ ಎಣಿಸಿ. ಹಬ್ಬ ಆಗಸ್ಟ್ ಕೊನೆಗೆ ಬಂದರೆ ಕತ್ತರಿ ಜುಲೈ ಎರಡನೇ ವಾರ. ಮಳೆಗಾಲವಾದ್ದರಿಂದ ಹಗುರವಾಗಿ ಕತ್ತರಿಸಿ, ಮಳೆ ಇಲ್ಲದ ಎರಡು ದಿನ ನೋಡಿಕೊಂಡು. ಲಾಲ್‌ಬಾಗ್ ಜನವರಿ ಫಲಪುಷ್ಪ ಪ್ರದರ್ಶನದ ಹೊತ್ತಿಗೆ ನಿಮ್ಮ ಮನೆಯಲ್ಲೂ ಹೂ ಇರಲಿ ಎನ್ನುವುದಾದರೆ ಡಿಸೆಂಬರ್ ಮೊದಲ ವಾರ ಇನ್ನೊಮ್ಮೆ ಹಗುರ ಕತ್ತರಿ ಹಾಕಿ. ಒಂದೇ ದಿನ ಎಲ್ಲ ಕೊಂಬೆಗೂ ಬೇಡ. ಎರಡು ಕೊಂಬೆ ಇವತ್ತು, ಎರಡು ನಾಲ್ಕು ದಿನ ಬಿಟ್ಟು. ಆಗ ಯಾವುದೋ ಒಂದು ತಂಡ ಹಬ್ಬಕ್ಕೆ ಸಿಕ್ಕೇ ಸಿಗುತ್ತದೆ.

ಹೆದರಬೇಡದ ಅಚ್ಚರಿಗಳು

ಹೊಸ ಚಿಗುರು ಕೆಂಪಗೆ, ಕೆಲವೊಮ್ಮೆ ನೇರಳೆಯಾಗಿ ಬರುತ್ತದೆ. ಅದು ಆರೋಗ್ಯ. ಎಳೆ ಎಲೆಯನ್ನು ಬಿಸಿಲಿನಿಂದ ಕಾಪಾಡುವ ಬಣ್ಣ ಅದು, ಬಲಿತಂತೆ ಹಸಿರಾಗುತ್ತದೆ.

ಚಿಗುರು ಬರುತ್ತದೆ, ತುದಿಯಲ್ಲಿ ಮೊಗ್ಗೇ ಇರುವುದಿಲ್ಲ. ಇದಕ್ಕೆ ಕುರುಡು ಚಿಗುರು ಎನ್ನುತ್ತಾರೆ. ಬಿಸಿಲು ಕಡಿಮೆಯಾದಾಗ, ಚಳಿ ಹೆಚ್ಚಾದಾಗ ಹೀಗಾಗುತ್ತದೆ. ಐದೆಲೆಯ ತೊಟ್ಟಿನ ಸ್ವಲ್ಪ ಮೇಲೆ ಕತ್ತರಿಸಿ. ಅಲ್ಲಿಂದ ಬರುವ ಚಿಗುರು ಸಾಮಾನ್ಯವಾಗಿ ಮೊಗ್ಗು ಹಿಡಿಯುತ್ತದೆ.

ಎಲೆಯ ಅಂಚಿನಲ್ಲಿ ಕತ್ತರಿಯಿಂದ ಮಾಡಿದ ಹಾಗೆ ದುಂಡನೆಯ ತುಂಡು ಮಾಯವಾಗಿದೆಯೇ? ಮೊದಲ ಸಲ ಕಂಡಾಗ ಹುಳು ಎಂದುಕೊಂಡು ನಾನು ಔಷಧಿ ಹೊಡೆದೆ. ಆಮೇಲೊಂದು ಬೆಳಿಗ್ಗೆ ಕಾಫಿ ಲೋಟ ಹಿಡಿದು ನಿಂತಿದ್ದಾಗ ಕಳ್ಳನನ್ನು ಕಣ್ಣಾರೆ ಕಂಡೆ. ಒಂದು ಪುಟ್ಟ ಕಪ್ಪು ಜೇನು ಎಲೆಯ ಅಂಚಿಗೆ ಬಂದು ಕೂತಿತು. ಸುತ್ತ ತಿರುಗುತ್ತಾ ಕಚ್ಚಿತು. ಕೆಲವೇ ಕ್ಷಣದಲ್ಲಿ ವೃತ್ತ ಪೂರ್ತಿಯಾಯಿತು. ತುಂಡನ್ನು ಕಾಲುಗಳ ನಡುವೆ ಚಾಪೆಯಂತೆ ಮಡಿಸಿಕೊಂಡು ಹಾರಿಹೋಯಿತು. ಇದು ಎಲೆ ಕತ್ತರಿಸುವ ಒಂಟಿ ಜೇನು. ಎಲೆಯನ್ನು ತಿನ್ನುವುದಿಲ್ಲ, ಮರಿಗಳಿಗೆ ತೊಟ್ಟಿಲು ಕಟ್ಟುತ್ತದೆ. ಪರಾಗ ಒಯ್ಯುವ ಕೆಲಸದಲ್ಲಿ ನಮಗೆ ನೆಂಟ. ನಾಲ್ಕು ಎಲೆ ಹೋದರೆ ಗಿಡಕ್ಕೆ ಏನೂ ಆಗುವುದಿಲ್ಲ, ದಯವಿಟ್ಟು ಏನನ್ನೂ ಹೊಡೆಯಬೇಡಿ. ಮುಂಗಾರಿನ ಮೊದಲ ಮಳೆಯ ನಂತರ ರಾತ್ರಿ ಬರುವ ಕಂದು ದುಂಬಿಗಳ ಕಡಿತ ಬೇರೆ. ಅದು ಅಡ್ಡಾದಿಡ್ಡಿ ಹರಿದ ಹಾಗಿರುತ್ತದೆ. ಟಾರ್ಚ್ ಹಿಡಿದು ರಾತ್ರಿ ಎಂಟು ಗಂಟೆಗೆ ಹೋದರೆ ಕೈಯಿಂದಲೇ ಹೆಕ್ಕಿ ಸೋಪು ನೀರಿಗೆ ಹಾಕಬಹುದು.

ಒಂದೇ ಗಿಡದ ಹೂ ತಿಂಗಳಿಗೊಂದು ಬಣ್ಣ ತೋರಿಸುವುದೂ ಇದೆ. ಡಬಲ್ ಡಿಲೈಟ್ ಮೊಗ್ಗು ಬೆಣ್ಣೆ ಬಣ್ಣದ್ದು. ಬಿಸಿಲು ತಾಗಿದಂತೆ ಅಂಚಿನಿಂದ ಕೆಂಪು ಹರಡುತ್ತದೆ. ಮೋಡದ ದಿನಗಳಲ್ಲಿ ಅದೇ ಹೂ ಬಹುತೇಕ ಬೆಳ್ಳಗೇ ಉಳಿಯುತ್ತದೆ. ಪೀಸ್ ಹೂವಿನ ಹಳದಿ, ಗುಲಾಬಿ ಅಂಚು ಎರಡೂ ಚಳಿಗಾಲದಲ್ಲಿ ಗಾಢ, ಏಪ್ರಿಲಿನಲ್ಲಿ ಮಾಸಲು.

ಇವೆಲ್ಲಕ್ಕಿಂತ ಅಪರೂಪದ್ದು ಇನ್ನೊಂದಿದೆ. ಗಂಟಿನ ಮೇಲಿನ ಕೊಂಬೆಯೇ, ಅದೂ ಒಂದೇ ಒಂದು, ಬೇರೆ ಬಣ್ಣದ ಹೂ ಬಿಡುತ್ತದೆ. ಇದು ಕಾಡು ಚಿಗುರಲ್ಲ, ಗಿಡದಲ್ಲೇ ಆದ ಬದಲಾವಣೆ. ತೋಟಗಾರರು ಸ್ಪೋರ್ಟ್ ಎನ್ನುತ್ತಾರೆ. ಪೀಸ್ ಗುಲಾಬಿಗೆ ಆ ಹೆಸರಿಟ್ಟದ್ದು ಎರಡನೇ ಮಹಾಯುದ್ಧ ಮುಗಿಯುತ್ತಿದ್ದ 1945ರಲ್ಲಿ. ಮುಂದೆ ಅಮೆರಿಕದ ಶಿಕಾಗೋದಲ್ಲಿ ಒಂದು ಪೀಸ್ ಗಿಡದಲ್ಲಿ ಇನ್ನೂ ಗಾಢ ಗುಲಾಬಿ ಬಣ್ಣದ ಹೂ ಬಂತು. ಅದನ್ನು ಉಳಿಸಿ ಕಸಿ ಕಟ್ಟಿ 1962ರಲ್ಲಿ ಶಿಕಾಗೋ ಪೀಸ್ ಎಂದು ಹೊರತಂದರು. ನಿಮ್ಮ ಗಿಡದಲ್ಲಿ ಹೀಗಾದರೆ ಆ ಕೊಂಬೆಯನ್ನು ಕತ್ತರಿಸಬೇಡಿ, ದಾರ ಕಟ್ಟಿ ಗುರುತು ಮಾಡಿ, ಕಸಿ ಬಲ್ಲವರನ್ನು ಕರೆದು ತೋರಿಸಿ.

ಅರಳಿದ ಹೂವಿನ ನಡುವಿನಿಂದ ಇನ್ನೊಂದು ಹಸಿರು ಮೊಗ್ಗು ತಲೆ ಎತ್ತುವುದನ್ನೂ ನೋಡಿದ್ದೇನೆ. ಮೊಗ್ಗು ಮೂಡುವ ಹೊತ್ತಿನಲ್ಲಿ ಹವೆ ಏರುಪೇರಾದರೆ ಹೀಗಾಗುವುದುಂಟು. ಮುಂದಿನ ಹೂ ಸರಿಯಾಗಿಯೇ ಬರುತ್ತದೆ.

ನಿಜವಾಗಿ ಗಮನಿಸಬೇಕಾದ ರೋಗ, ಕೀಟ

ಕಪ್ಪು ಚುಕ್ಕೆ: ಎಲೆಯ ಮೇಲೆ ಅಂಚು ಕದಡಿದ ಕಪ್ಪು ಕಲೆ, ಸುತ್ತ ಹಳದಿ, ಆಮೇಲೆ ಎಲೆ ಉದುರುತ್ತದೆ. ಎಲೆ ಏಳೆಂಟು ಗಂಟೆ ಒದ್ದೆಯಾಗಿದ್ದರೆ ಈ ಶಿಲೀಂಧ್ರ ಒಳಗಿಳಿಯುತ್ತದೆ. ಅದಕ್ಕೇ ಸಂಜೆ ಎಲೆಗೆ ನೀರು ಬೇಡ. ಉದುರಿದ ಎಲೆಯನ್ನು ಕುಂಡದಲ್ಲಿ ಬಿಡಬೇಡಿ, ಕಾಂಪೋಸ್ಟಿಗೂ ಹಾಕಬೇಡಿ. ಮಳೆಗಾಲದಲ್ಲಿ ಕಾಪರ್ ಆಕ್ಸಿಕ್ಲೋರೈಡ್ ಲೀಟರಿಗೆ 3 ಗ್ರಾಂ ಸಿಂಪಡಿಸಿ.

ಬೂದಿ ರೋಗ ಇದಕ್ಕೆ ತದ್ವಿರುದ್ಧ. ನವೆಂಬರಿನಿಂದ ಫೆಬ್ರವರಿ, ಹಗಲು ಒಣ, ರಾತ್ರಿ ತಂಪು ಇರುವಾಗ ಚಿಗುರಿನ ಮೇಲೆ ಬೂದಿ ಎರಚಿದ ಹಾಗೆ ಕಾಣುತ್ತದೆ. ಬೆಳಿಗ್ಗೆ ಎಲೆ ತೊಳೆದರೆ ಇದು ತಗ್ಗುತ್ತದೆ. ಹೆಚ್ಚಾದರೆ ನೀರಿನಲ್ಲಿ ಕರಗುವ ಗಂಧಕ ಲೀಟರಿಗೆ 2 ಗ್ರಾಂ, ಬಿಸಿಲು ಇಳಿದ ಮೇಲೆ.

ಬೇಸಿಗೆಯ ಶತ್ರು ಕೆಂಪು ಜೇಡ ನುಸಿ. ಕಣ್ಣಿಗೆ ಸುಲಭಕ್ಕೆ ಬೀಳದು. ಎಲೆ ಧೂಳು ಹಿಡಿದ ಹಾಗೆ ಮಂಕಾದರೆ ಕೆಳಗೆ ಬಿಳಿ ಹಾಳೆ ಹಿಡಿದು ಕೊಂಬೆ ತಟ್ಟಿ. ಹಾಳೆಯ ಮೇಲೆ ಬಿದ್ದ ಚುಕ್ಕೆಗಳು ನಡೆದಾಡಿದರೆ ಅವೇ. ಮೂರು ದಿನಕ್ಕೊಮ್ಮೆ ಬೆಳಿಗ್ಗೆ ಎಲೆಯ ಅಡಿಭಾಗಕ್ಕೆ ಜೋರಾಗಿ ನೀರು ಹೊಡೆಯಿರಿ. ಎರಡು ವಾರದಲ್ಲಿ ಹತೋಟಿಗೆ ಬರುತ್ತದೆ. ಮೊಗ್ಗು ಅರಳದೆ ಅಂಚು ಸುಟ್ಟಂತಾದರೆ ಥ್ರಿಪ್ಸ್ ಎಂಬ ಸಣ್ಣ ಕೀಟ. ಆ ಮೊಗ್ಗು ಕಿತ್ತು ಕವರಿನಲ್ಲಿ ಕಟ್ಟಿ ಎಸೆಯಿರಿ. ಥ್ರಿಪ್ಸ್ ಮತ್ತು ಸಸ್ಯಹೇನಿಗೆ ಬೇವಿನೆಣ್ಣೆ ಲೀಟರಿಗೆ 5 ಮಿಲಿ, ಕರಗಲು ಎರಡು ಹನಿ ಸೋಪು, ಸಂಜೆ ಜೇನುಗಳು ಗೂಡಿಗೆ ಹೋದ ಮೇಲೆ.

ಕೊಂಬೆ ತುದಿಯಿಂದ ಕಪ್ಪಾಗುತ್ತಾ ಕೆಳಗೆ ಇಳಿಯುತ್ತಿದ್ದರೆ ನಾಳೆಗೆ ಬಿಡಬೇಡಿ. ಅದು ತುದಿ ಒಣಗುವ ರೋಗ. ಅವತ್ತೇ ಬಿಳಿ ತಿರುಳು ಸಿಗುವ ತನಕ ಕತ್ತರಿಸಿ, ಔಷಧಿ ಹಚ್ಚಿ. ಗೇಟಿನ ಪಕ್ಕದ ನನ್ನ ಕೆಂಪು ಗುಲಾಬಿ ಹೋದದ್ದು ಹೀಗೆ. ಒಂದು ವಾರ ಊರಿಗೆ ಹೋಗಿದ್ದೆವು. ಬರುವಷ್ಟರಲ್ಲಿ ಕಪ್ಪು ಕಸಿಗಂಟಿನವರೆಗೆ ಇಳಿದಿತ್ತು.

ಕಡ್ಡಿಯಿಂದ ಹೊಸ ಗಿಡ

ಕೆಂಪು ಗಿಡ ಹೋದರೂ ಬೇರಿನಿಂದ ಎದ್ದ ಪನ್ನೀರು ಗುಲಾಬಿಯನ್ನು ನಾನು ಕೀಳಲಿಲ್ಲ. ಜೂನಿನಲ್ಲಿ ಮಳೆ ಹಿಡಿದ ಮೇಲೆ ಅದರಿಂದ ಆರು ಕಡ್ಡಿ ತೆಗೆದೆ. ಹೂ ಬಿಟ್ಟು ಮುಗಿದ, ಪೆನ್ಸಿಲ್ ದಪ್ಪದ, ಎಂಟು ಇಂಚು ಉದ್ದದ ಕಡ್ಡಿಗಳು. ಕೆಳತುದಿ ಗೆಣ್ಣಿನ ಕೆಳಗೆ ಓರೆಯಾಗಿ, ಮೇಲ್ತುದಿ ನೇರವಾಗಿ ಕತ್ತರಿಸಬೇಕು. ಹೀಗೆ ಮಾಡಿದರೆ ತಲೆ ಯಾವುದು ಬುಡ ಯಾವುದು ಎಂಬ ಗೊಂದಲವೂ ಇರುವುದಿಲ್ಲ. ಮೇಲಿನ ಎರಡು ಎಲೆ ಬಿಟ್ಟು ಉಳಿದದ್ದನ್ನು ತೆಗೆದು, ಮರಳು ಮತ್ತು ಕೋಕೋಪೀಟ್ ಸಮ ಬೆರೆಸಿದ ಕುಂಡದಲ್ಲಿ ಎರಡು ಗೆಣ್ಣು ಒಳಗೆ ಹೋಗುವಂತೆ ನೆಟ್ಟು ನೆರಳಲ್ಲಿಡಿ. ಜೇನುತುಪ್ಪ, ಲೋಳೆಸರ ಹಚ್ಚಬೇಕೆಂದು ಹೇಳುವವರಿದ್ದಾರೆ. ಪನ್ನೀರು ಗುಲಾಬಿಗೆ ಅದು ಬೇಕಿಲ್ಲ. ಬೇಕಾದದ್ದು ಆರು ವಾರ ಎಳೆದು ನೋಡದೆ ಇರುವ ತಾಳ್ಮೆ.

ನನ್ನ ಆರರಲ್ಲಿ ನಾಲ್ಕು ಬದುಕಿದವು. ಒಂದು ಪಕ್ಕದ ಮನೆಗೆ ಹೋಯಿತು. ಅವರ ಮಗಳಿಗೆ ಮೊದಲ ಮೊಗ್ಗು ಬಂದ ದಿನ ಒಂದು ಆಟ ಹೇಳಿಕೊಟ್ಟೆ, ನೀವೂ ನೋಡಿ. ಹೂವಿನ ಅಡಿಯಲ್ಲಿ ಐದು ಹಸಿರು ದಳಗಳಿರುತ್ತವೆ. ಅವುಗಳ ಅಂಚನ್ನು ಗಮನಿಸಿದರೆ ಎರಡಕ್ಕೆ ಎರಡೂ ಬದಿ ಗರಿಯಂಥ ಎಳೆ, ಎರಡಕ್ಕೆ ಒಂದೂ ಇಲ್ಲ, ಐದನೆಯದಕ್ಕೆ ಒಂದೇ ಬದಿ. ಐದು ಜನ ಅಣ್ಣತಮ್ಮಂದಿರಲ್ಲಿ ಇಬ್ಬರಿಗೆ ಗಡ್ಡ, ಇಬ್ಬರಿಗಿಲ್ಲ, ಒಬ್ಬನಿಗೆ ಅರ್ಧ ಗಡ್ಡ. ಆ ಹುಡುಗಿ ಈಗ ಯಾವ ಗುಲಾಬಿ ಸಿಕ್ಕರೂ ಮೊದಲು ತಿರುಗಿಸಿ ಅಡಿ ನೋಡುತ್ತಾಳೆ.